ಡಿಸ್ಚಾರ್ಜ್ ಚೀಟಿ ಓದೋರು ಯಾರು?



ಮೇಲವಂಕಿಯ ನಮ್ಮ ಕೇರಿಯ ಕಾಕಾ ಒಬ್ಬರು. ಕಬ್ಬು ಕಡಿಯೋ ಕಾಲಿಗೇ ಸಕ್ರಿ ಬ್ಯಾನಿಯ ಗಾಯ. ಪ್ಯಾಟಿ ದವಾಖಾನಿಯೊಳಗ ಆರು ದಿನ ಇಟಕೊಂಡು, "ಆರಾಮ ಆಗೈತಿ, ಹೋಗ್ರಿ ಮನಿಗೆ" ಅಂದರು. ಕೈಗೊಂದು ಇಂಗ್ಲಿಷ್ ಚೀಟಿ ಕೊಟ್ಟರು. ದಿನ ಬಿಟ್ಟು ದಿನ ಗಾಯಕ್ಕೆ ಪಟ್ಟಿ ಬದಲಿಸಬೇಕು, ಕಾಲು ನೆಲಕ್ಕೆ ಊರಬಾರದು, ವಾರಕ್ಕೆ ತೋರಿಸಬೇಕು ಅಂತ ಅದರಲ್ಲಿ ಬರೆದಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಚೀಟಿ ಮಾಡದೊಳಗೆ ಕುಂತಿತು, ಕಾಕಾ ಗದ್ದೆಗೆ ಹೋದರು. ಕೂಲಿ ಬಿಟ್ಟರೆ ಒಲಿ ಹತ್ತೋದ್ಹೆಂಗ? ಇಪ್ಪತ್ತನೇ ದಿನಕ್ಕೆ ಮತ್ತದೇ ದವಾಖಾನಿ, ಎರಡು ಬೆರಳು ಹೋದವು. "ನಿಮ್ಮ ಮಂದಿಗೆ ಎಷ್ಟ ಹೇಳಿದ್ರೂ ಅಷ್ಟ" ಅಂದರಂತೆ.

ಎಷ್ಟು ಹೇಳಿದ್ದಿರಿ ಸ್ವಾಮಿ? ಯಾವ ಭಾಷೆಯಲ್ಲಿ ಹೇಳಿದ್ದಿರಿ?

ನಮ್ಮ ಜನರ ಅಜ್ಞಾನ ಅನ್ನೋ ಮಾತು ಬಲು ಅಗ್ಗ. ಬರೆಯೋ ಅಕ್ಷರ ಅವರ ಕೈಯಲ್ಲಿಟ್ಟುಕೊಂಡು, ಓದಲಿಲ್ಲ ಅನ್ನೋ ತಪ್ಪನ್ನು ನಮ್ಮ ತಲೆಗೆ ಕಟ್ಟೋದು ಹಳೇ ಆಟ.

ಅಮೆರಿಕದಲ್ಲಿ 2012ರ ಅಕ್ಟೋಬರಿನಿಂದ ಒಂದು ನಿಯಮ ನಡೆದಿದೆ. ಹೃದಯದ ಕಾಯಿಲೆ, ನ್ಯುಮೋನಿಯಾದಂಥ ಕೆಲವು ರೋಗಗಳಲ್ಲಿ, ಮನೆಗೆ ಕಳಿಸಿದ ರೋಗಿಗಳು 30 ದಿನದೊಳಗೆ ಮರಳಿ ದಾಖಲಾಗೋದು ಅತಿಯಾದರೆ, ಮುದುಕರ ಸರ್ಕಾರಿ ವಿಮೆ ಆ ಆಸ್ಪತ್ರೆಗೆ ಕೊಡುವ ಹಣದಲ್ಲಿ 3 ಪರ್ಸೆಂಟ್‌ವರೆಗೆ ಮುರಿದುಕೊಳ್ಳುತ್ತದೆ. ಅಲ್ಲೂ ಬಡವರು ಹೋಗೋ ಆಸ್ಪತ್ರೆಗಳಿಗೇ ದಂಡ ಹೆಚ್ಚು ಬಿತ್ತು, ಲೆಕ್ಕ ತಿದ್ದಬೇಕಾಯಿತು. ಆದರೂ ಕಳಿಸಿದ ಮೇಲೂ ರೋಗಿಯ ಹೊಣೆ ಆಸ್ಪತ್ರೆಯದೇ ಅನ್ನೋದಾದರೂ ಒಪ್ಪಿದರು. ನಮ್ಮ ಕೇರಿಯಲ್ಲಿ ದಂಡ ಕಟ್ಟಿದವರು ಕಾಕಾ. ಕೂಲಿ ಹೋಯಿತು, ಬೆರಳು ಹೋದವು.

ಇಲ್ಲಿ ಕಾಯಿದೆ ಇಲ್ಲ ಅಂತಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆ ಬಿಟ್ಟ ಮೇಲಿನ 15 ದಿನದ ಔಷಧಿ, ತಪಾಸಣೆಯೂ ಸೇರಿದೆ. ಹೆರಿಗೆಯಾದ ಬಾಣಂತಿ, ಕೂಸನ್ನು ಸರ್ಕಾರಿ ಗಾಡಿಯಲ್ಲಿ ಪುಕ್ಕಟೆ ಮನೆಗೆ ಬಿಡಬೇಕು ಅನ್ನೋ ಕಾರ್ಯಕ್ರಮ 2011ರದು. ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿಯ ಮನೆಗೆ ಆಶಾ ಅಕ್ಕ 42 ದಿನದೊಳಗೆ ಆರು ಸಲ ಬರಬೇಕು. ಕೂಸಿಗೆ ಈ ವ್ಯವಸ್ಥೆ ಆಗೋದಾದರೆ ಕೊಳೆತ ಕಾಲಿಗೆ ಯಾಕಾಗಬಾರದು?

ನಾವು ಕೇಳೋದು ಭಿಕ್ಷೆಯಲ್ಲ. ಚೀಟಿ ಕನ್ನಡದಲ್ಲಿರಲಿ. ರೋಗಿಗೂ ಮನೆಯವರೊಬ್ಬರಿಗೂ ಓದಿ ಹೇಳಿ, ತಿಳೀತೋ ಇಲ್ಲೋ ಅಂತ ತಿರುಗಿ ಕೇಳಲಿ. ಹದಿನೈದು ದಿನದ ಗುಳಿಗಿ ಕೈಗೆ ಕೊಟ್ಟೇ ಕಳಿಸಲಿ. ಪಟ್ಟಿ ಕಟ್ಟೋ ಕೆಲಸ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗಲಿ. ಬಸ್ಸಿನ ರೊಕ್ಕಕ್ಕೆ ಗಾಯ ಕಾಯೋದಿಲ್ಲ.

ಇನ್ನು ಹಾಸ್ಟೆಲ್ಲಿನ ನಾವು. ಇಂಗ್ಲಿಷ್ ಕಲಿತೆವು, ಅರ್ಜಿ ಬರೆದೆವು, ನಮ್ಮ ಸ್ಕಾಲರ್‌ಶಿಪ್ಪಿಗೆ ಧರಣಿ ಕೂತೆವು. ಅದು ಸರಿಯೇ. ಆದರೆ ಕಾಕಾನ ಮಾಡದ ಚೀಟಿ ನಮ್ಮಲ್ಲಿ ಒಬ್ಬರೂ ತೆಗೆದು ನೋಡಲಿಲ್ಲ. ಆ ನಡುವೆ ಎರಡು ಭಾನುವಾರ ಊರಲ್ಲೇ ಇದ್ದೆವು!

ಈ ಭಾನುವಾರ ಮೇಲವಂಕಿಯಿಂದಲೇ ಸುರು. ಮನಿ ಮನಿಗೆ ಹೋಗಿ ಚೀಟಿ ಓದಿ, ಕನ್ನಡದಾಗ ಬರಕೊಟ್ಟು, ತಾರೀಖು ಗೋಡೆ ಮ್ಯಾಲ ಬರದು ಬರೋಣು. ಪೆನ್ನು, ಇದ್ದಿಲು ಎರಡೂ ತರ್ರಿ.