ಕಲ್ಪನೆಯ ರಾಜ್ಯವೂ ತಾಳಗುಂದದ ಮಹಾಜನರೂ

ವಿಜ್ಞಾನಕಥೆಗಳೆಂದರೆ ಹುಡುಗರ ಕಾಲಹರಣದ ಸಾಮಗ್ರಿಯೆಂದು ಭಾವಿಸಿರುವ ಗೃಹಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಆಕಾಶನೌಕೆಗಳೂ ಅನ್ಯಗ್ರಹಗಳ ಯುದ್ಧಗಳೂ ತುಂಬಿರುವ ಪುಸ್ತಕಗಳಿಂದ ಸಂಸಾರಿಗಳಿಗೇನು ಪ್ರಯೋಜನವೆಂದು ಅವರು ಕೇಳುವುದುಂಟು. ಆದರೆ ಇಂಥ ಕಥೆಗಳನ್ನು ಬರೆದವರಲ್ಲಿ ಕೆಲವರು ಯಂತ್ರಗಳಿಗಿಂತಲೂ ರಾಜ್ಯಪದ್ಧತಿಯನ್ನು ಕುರಿತು ಹೆಚ್ಚಾಗಿ ಆಲೋಚಿಸಿದವರು. ಅಂಥದೊಂದು ಪುಸ್ತಕವು ಎಬ್ಬಿಸಿರುವ ವಾದವು ನಮ್ಮ ಮನೆಗಳಿಗೂ ಸಂಬಂಧಿಸಿದುದಾದುದರಿಂದ, ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಅಮೆರಿಕದ ರಾಬರ್ಟ್ ಹೈನ್‌ಲೈನ್ ಎಂಬ ಗ್ರಂಥಕರ್ತರು 1959ರಲ್ಲಿ 'ಸ್ಟಾರ್‌ಶಿಪ್ ಟ್ರೂಪರ್ಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1997ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಅದರಲ್ಲಿ ವರ್ಣಿತವಾದ ಭವಿಷ್ಯದ ರಾಜ್ಯದಲ್ಲಿ ಚುನಾವಣೆಗಳುಂಟು. ಜನರು ಸುಖವಾಗಿ ವ್ಯಾಪಾರ ವ್ಯವಹಾರಗಳನ್ನು ನಡೆಸಬಹುದು. ಆದರೆ ಮತ ಕೊಡುವ ಹಕ್ಕು, ಅಧಿಕಾರದಲ್ಲಿ ಕೂರುವ ಹಕ್ಕು, ಇವೆರಡೂ ಸ್ವಸಂತೋಷದಿಂದ ರಾಜ್ಯದ ಸೇವೆಗೆ ಸೇರಿ ಅದರ ಅವಧಿಯನ್ನು ಪೂರೈಸಿದವರಿಗೆ ಮಾತ್ರ. ಸೇವೆಗೆ ಬರುವೆನೆಂದವರನ್ನು ಬೇಡವೆನ್ನುವಂತಿಲ್ಲ, ಹೆಂಗಸರಿಗೂ ಅವಕಾಶವುಂಟು. ಕಥಾನಾಯಕನ ತಂದೆ ಧನಿಕನಾದ ವ್ಯಾಪಾರಿ. ಅವನಿಗೆ ಮತವಿಲ್ಲ, ಇಲ್ಲವೆಂಬ ಚಿಂತೆಯೂ ಅವನಿಗಿಲ್ಲ. ಹೀಗಿರುವಾಗ ಇದು ಪ್ರಜಾಪ್ರಭುತ್ವವೋ ಅಲ್ಲವೋ ಎಂಬುದೇ ವಾದ.

ಹೌದೆನ್ನುವವರ ಮಾತು ನಗುವಂಥದಲ್ಲ. ಸಮಾಜಕ್ಕಾಗಿ ತನ್ನ ಸುಖವನ್ನು ಬಿಟ್ಟವನ ಕೈಯಲ್ಲಿ ಅಧಿಕಾರವಿದ್ದರೆ ಅದು ಕೆಡುವ ಸಂಭವ ಕಡಮೆಯಲ್ಲವೆ, ಬಾಗಿಲು ಎಲ್ಲರಿಗೂ ತೆರೆದಿರುವಾಗ ಒಳಕ್ಕೆ ಬಾರದಿದ್ದುದು ಯಾರ ತಪ್ಪು, ಎಂದು ಅವರು ಕೇಳುತ್ತಾರೆ. ಚುನಾವಣೆಯ ಕಾಲದಲ್ಲಿ ನಮ್ಮ ಜಗಲಿಗಳ ಮೇಲೂ ಇದೇ ಮಾತು ಬೇರೆ ವೇಷದಲ್ಲಿ ಕೇಳಿಬರುತ್ತದೆ: ಓದುಬರಹವಿಲ್ಲದವರಿಗೆ ಮತವೇಕೆ? ತೆರಿಗೆ ಕೊಡದವರಿಗೆ ಮತವೇಕೆ? ಯೋಗ್ಯರಷ್ಟೇ ಆರಿಸಿದರೆ ದೇಶ ಉದ್ಧಾರವಾಗುವುದಲ್ಲವೆ?

ಈ ವಾದವನ್ನು ಒರೆಗೆ ಹಚ್ಚಲು ನಕ್ಷತ್ರಲೋಕಕ್ಕೆ ಹೋಗಬೇಕಾಗಿಲ್ಲ. ಯೋಗ್ಯರೆನಿಸಿಕೊಂಡವರ ಸಭೆಯೇ ನಡೆಸಿದ ಊರು ನಮ್ಮ ಶಿಕಾರಿಪುರ ಸೀಮೆಯಲ್ಲಿಯೇ ಇದ್ದಿತು. ಇಂದಿನ ತಾಳಗುಂದವೇ ಪ್ರಾಚೀನ ಸ್ಥಾನಕುಂದೂರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿರುವ ಕಲ್ಲುಕಂಬದ ಮೇಲೆ 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿಯು ಸಂಸ್ಕೃತದಲ್ಲಿ ಬರೆದ ಶಾಸನವುಂಟು. ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ನೊಂದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಕದಂಬ ರಾಜ್ಯವನ್ನು ಸ್ಥಾಪಿಸಿದ ವೃತ್ತಾಂತವು ಅದರಲ್ಲಿದೆ.

ಮುಂದಿನ ಶತಮಾನಗಳಲ್ಲಿ ಈ ಊರು ಹೆಸರಾಂತ ಅಗ್ರಹಾರವಾಯಿತು. ಅಲ್ಲಿಯ ಬ್ರಾಹ್ಮಣ ಮಹಾಜನರನ್ನು ಶಾಸನಗಳು ಮೂವತ್ತೆರಡು ಸಾವಿರವೆಂದು ಕರೆದಿವೆ. ಅದು ಸಂಪ್ರದಾಯದ ಸಂಖ್ಯೆಯೇ ಹೊರತು ಜನಗಣತಿಯಲ್ಲ. ಇಂಥ ಮಹಾಜನರು ದಾನವಾಗಿ ಬಂದ ಭೂಮಿಯನ್ನು ಸಭೆ ಸೇರಿ ಕಾಯುತ್ತಿದ್ದರು; ದೇವಾಲಯದ ಸೇವೆ, ವಿದ್ಯಾರ್ಥಿಗಳ ಪಾಠ ಭೋಜನಗಳು ಸಾಗುವಂತೆ ನೋಡಿಕೊಳ್ಳುತ್ತಿದ್ದರು; ಊರಿನ ವ್ಯಾಜ್ಯಗಳನ್ನು ತೀರಿಸುತ್ತಿದ್ದರು. ರಾಜವಂಶಗಳು ಬದಲಾದರೂ ಸಭೆ ಉಳಿಯಿತು. ಇದು ಸಣ್ಣ ಸಾಧನೆಯಲ್ಲ. ಚಾರ್ಲ್ಸ್ ಮೆಟ್‌ಕಾಫ್ ಎಂಬ ಇಂಗ್ಲಿಷ್ ಅಧಿಕಾರಿಯು 1830ರಲ್ಲಿ ಹಿಂದೂದೇಶದ ಗ್ರಾಮಗಳನ್ನು ಪುಟ್ಟ ಗಣರಾಜ್ಯಗಳೆಂದು ಕರೆದ ಬಳಿಕ, ನಮ್ಮ ಪೂರ್ವಿಕರು ಪ್ರಜಾಪ್ರಭುತ್ವದಲ್ಲಿ ಯಾರಿಗೂ ಕಡಮೆಯಿರಲಿಲ್ಲವೆಂದು ಹೆಮ್ಮೆಪಡುವುದು ವಾಡಿಕೆಯಾಯಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಈ ಹೆಮ್ಮೆಯನ್ನು ಒಪ್ಪಲಿಲ್ಲ. ಅವರೇಕೆ ಒಪ್ಪಲಿಲ್ಲವೆಂಬುದು ತಾಳಗುಂದದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಕಂಬದ ಶಾಸನವು ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆಯನ್ನು ಮಾಡಿಸಿದನೆಂದು ಹೇಳುತ್ತದೆ. ಮಾಡಿಸಿದ ರಾಜನ ಹೆಸರಿದೆ, ಬರೆದ ಕವಿಯ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಅಗ್ರಹಾರದ ಸಭೆಯಲ್ಲಿಯೂ ಹಾಗೆಯೇ. ಹೊಲ ಉತ್ತವನಿಗಾಗಲಿ, ಮಡಕೆ ಮಾಡಿದವನಿಗಾಗಲಿ, ಆ ಮಹಾಜನರ ಮನೆಯ ಗೃಹಿಣಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ಮಹಾಜನರು ಅಯೋಗ್ಯರೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ವಿದ್ಯೆಯೂ ನಿಷ್ಠೆಯೂ ಇದ್ದಿರಬೇಕು. ಆದರೆ ಯೋಗ್ಯತೆಯ ಅಳತೆಗೋಲು ಒಳಗಿದ್ದವರ ಕೈಯಲ್ಲಿಯೇ ಇದ್ದಿತು. ಹೊರಗಿದ್ದವನು ಅದನ್ನು ಬದಲಿಸುವಂತಿರಲಿಲ್ಲ. ಕಾದಂಬರಿಯ ರಾಜ್ಯದಲ್ಲಿ ಜನ್ಮದ ಬದಲು ಸೇವೆಯಿದೆ. ಆದುದರಿಂದ ಅದು ಅಗ್ರಹಾರಕ್ಕಿಂತ ಉದಾರವಾದುದು. ಆದರೂ ಕಾನೂನಿಗೆ ತಲೆಬಾಗುವವರು ಎಲ್ಲರೂ, ಕಾನೂನನ್ನು ಮಾಡುವವರು ಕೆಲವರು, ಆ ಕೆಲವರು ಯಾರೆಂದು ಗೊತ್ತುಮಾಡುವವರೂ ಅವರೇ ಎಂಬಲ್ಲಿ ಎರಡೂ ಒಂದೇ. ಅದನ್ನು ಸುರಾಜ್ಯವೆನ್ನಬಹುದು, ಪ್ರಜಾರಾಜ್ಯವೆನ್ನಲಾಗದು. ಅವಮಾನಿತನೊಬ್ಬನು ಸಿಂಹಾಸನವನ್ನೇರಿದ ಮಾತ್ರಕ್ಕೆ ಅವಮಾನದ ಪದ್ಧತಿ ನಿಲ್ಲುವುದಿಲ್ಲವೆಂಬುದಕ್ಕೆ ಮಯೂರಶರ್ಮನ ಊರೇ ಸಾಕ್ಷಿ.

ತಾಳಗುಂದಕ್ಕೆ ಕೆಲವೇ ಮೈಲಿ ದೂರದ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರೆಂದು ಪ್ರಸಿದ್ಧವಾಗಿದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಈ ಇಬ್ಬರೂ 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಗೋಷ್ಠಿಯನ್ನು ಸೇರಿದರು. ಆ ಗೋಷ್ಠಿಯ ಸಂವಾದಗಳನ್ನು ನಮಗೆ ತಿಳಿಸುವ ಶೂನ್ಯಸಂಪಾದನೆಯು ಎಷ್ಟೋ ಕಾಲದ ಮೇಲೆ ಸಂಕಲಿತವಾದುದು. ಆದುದರಿಂದ ಅನುಭವ ಮಂಟಪದಲ್ಲಿ ದಿನದಿನವೂ ಹೀಗೆಯೇ ನಡೆಯಿತೆಂದು ವಾದಿಸುವುದು ಬೇಡ. ಆದರೆ ಅಂಬಿಗನೂ ಮಡಿವಾಳನೂ ಅಕ್ಕಿಯಾಯುವ ಲಕ್ಕಮ್ಮನೂ ತಂತಮ್ಮ ಅಂಕಿತದಲ್ಲಿ ಆಡಿದ ವಚನಗಳು ನಮ್ಮ ಕೈಯಲ್ಲಿವೆ. ಕಲ್ಲಿನ ಶಾಸನದಲ್ಲಿ ಹೆಸರಿಲ್ಲದ ಕಸುಬಿನವರು ಇಲ್ಲಿ ಮಾತನಾಡಿದ್ದಾರೆ.

ಮಾತಿನಿಂದ ಮತಕ್ಕೆ ಬರಲು ಬಹುಕಾಲ ಹಿಡಿಯಿತು. ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಸೇರಿದ ಪ್ರಜಾಪ್ರತಿನಿಧಿ ಸಭೆಗೆ ಬಂದವರು ಭೂಮಾಲಿಕರು, ವರ್ತಕರು. ಅವರು ಅಹವಾಲು ಹೇಳಬಹುದಾಗಿದ್ದಿತು, ಕಾನೂನು ಮಾಡುವಂತಿರಲಿಲ್ಲ. 1951-52ರ ಮಹಾ ಚುನಾವಣೆಯಲ್ಲಿ, ಯಾವ ಯೋಗ್ಯತಾಪರೀಕ್ಷೆಯೂ ಇಲ್ಲದೆ, ವಯಸ್ಸಿಗೆ ಬಂದ ಸ್ತ್ರೀಪುರುಷರೆಲ್ಲರೂ ಮತಕ್ಕೆ ಅರ್ಹರಾದರು. ಕರ್ನಾಟಕದ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಪಂಚಾಯತಿ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 2010ರಲ್ಲಿ ಅದು 50ಕ್ಕೆ ಏರಿತು. ಇಂದು ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ತಾಳಗುಂದದ ಮಹಾಜನರ ಸಭೆಯ ಬಾಗಿಲಲ್ಲಿ ನಿಲ್ಲಲೂ ಅಳುಕಿರಬಹುದಾದವರ ಸಂತತಿಗೆ ಇಂದು ಲೆಕ್ಕ ಕೇಳುವ ಅಧಿಕಾರವಿದೆ.

ಇದನ್ನು ನಾವು ಹೇಗೆ ಉಪಯೋಗಿಸುತ್ತಿದ್ದೇವೆ? ಗ್ರಾಮಸಭೆಯ ದಿನ ಹೊಲದ ಕೆಲಸವೆಂದು ಗಂಡಸರು, ಅಡಿಗೆಯೆಂದು ಹೆಂಗಸರು ಮನೆಯಲ್ಲಿಯೇ ಉಳಿಯುವುದುಂಟು. ಚುನಾಯಿತಳಾದ ಸದಸ್ಯೆಯು ಮನೆಯಲ್ಲಿದ್ದು, ಆಕೆಯ ಯಜಮಾನರು ಕುರ್ಚಿಯ ಮೇಲೆ ಕುಳಿತು ಮಾತನಾಡುವುದೂ ಉಂಟು. ಹೀಗಾದರೆ ಕೆಲವರೇ ಸೇರುವ ಹಳೆಯ ಸಭೆಯನ್ನು ನಮ್ಮ ಕೈಯಾರೆ ಮತ್ತೆ ಕಟ್ಟಿದಂತಾಗುವುದು. ಕಾದಂಬರಿಯ ವ್ಯಾಪಾರಿಯು ಸುಖವಾಗಿದ್ದನು, ಮತವು ಬೇಡವೆಂದನು. ಅವನಿಗೆ ಆ ಸುಖವನ್ನು ಕೊಟ್ಟವರು ಕಿತ್ತುಕೊಳ್ಳಲೂ ಬಲ್ಲವರೆಂಬುದನ್ನು ಅವನು ಎಣಿಸಲಿಲ್ಲ. ನಮ್ಮ ಗೃಹಸ್ಥರು ಮಕ್ಕಳಿಗೆ ಆ ಕಥೆಯನ್ನು ಓದಬೇಡಿರೆನ್ನದೆ, ಓದಿದ ಬಳಿಕ ಅವರನ್ನು ಒಮ್ಮೆ ಗ್ರಾಮಸಭೆಗೆ ಕರೆದುಕೊಂಡು ಹೋಗಲಿ. ಅಲ್ಲಿ ತಾಯಂದಿರು ಎದ್ದುನಿಂತು ಕುಡಿಯುವ ನೀರಿನ ಲೆಕ್ಕವನ್ನು ಕೇಳುವುದನ್ನು ಕಂಡ ಮಕ್ಕಳಿಗೆ ಪ್ರಜಾಪ್ರಭುತ್ವವೆಂದರೇನೆಂಬುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.