ಬಿದ್ದ ಮೇಲಿನ ಅಂಜಿಕೆ
ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮನೆಗಳಲ್ಲಿ ಹಿರಿಯರು ಬಿದ್ದರೆ ‘ವಯಸ್ಸಾತು, ಕಾಲು ಜಾರಿತು’ ಎಂದು ಮಾತು ಮುಗಿಸಿಬಿಡುತ್ತೇವೆ. ಕಾರಣ ಹುಡುಕುವುದಿಲ್ಲ. ನಸುಕಿನಲ್ಲಿ ದೀಪ ಹಾಕದೆ ಬಚ್ಚಲಿಗೆ ಹೋಗುವುದು, ಪಾಚಿಗಟ್ಟಿದ ಹಾಸುಗಲ್ಲು, ಎತ್ತರದ ಹೊಸ್ತಿಲು, ಪೊರೆ ಬಂದ ಕಣ್ಣು, ಹಾಸಿಗೆಯಿಂದ ಏಳುತ್ತಲೇ ತಲೆ ತಿರುಗಿಸುವ ಬಿಪಿ ಗುಳಿಗೆ: ಇವುಗಳಲ್ಲಿ ಬಹುಪಾಲು ಸರಿಪಡಿಸಬಹುದಾದವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬಿದ್ದ ಮೇಲಿನ ಅಂಜಿಕೆ. ರಬಕವಿ-ಬನಹಟ್ಟಿಯಲ್ಲಿ ಜೀವಮಾನವಿಡೀ ಮಗ್ಗದ ಮುಂದೆ ದುಡಿದ ನೇಕಾರ ಒಮ್ಮೆ ಬಿದ್ದರೆ ಮಕ್ಕಳು ಅಕ್ಕರೆಯಿಂದಲೇ ‘ಯಪ್ಪಾ, ನೀ ಎಲ್ಲೂ ಹೋಗಬ್ಯಾಡ, ಇಲ್ಲೇ ಕುಂಡ್ರು’ ಅನ್ನುತ್ತಾರೆ. ಕೂತಷ್ಟೂ ತೊಡೆಯ ಬಲ ಸೊರಗುತ್ತದೆ, ಹೆಜ್ಜೆ ತಡವರಿಸುತ್ತದೆ, ಮತ್ತೆ ಬೀಳುವ ಅಪಾಯ ಹೆಚ್ಚುತ್ತದೆ. ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಶೇ 23ರಷ್ಟು ಕಡಿಮೆಯಾಗುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ತೋರಿಸಿದೆ. ಅದಕ್ಕೆ ಜಿಮ್ ಬೇಕಿಲ್ಲ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು ಸಾಕು. ಗುಳಿಗೆಗಳನ್ನೆಲ್ಲ ಒಮ್ಮೆ ಡಾಕ್ಟರಿಗೆ ತೋರಿಸಿ, ಗೌಂಡಿಯನ್ನು ಕರೆದು ಬಚ್ಚಲ ಗೋಡೆಗೆ ಹಿಡಿಕೆ ಕೂಡಿಸಿ, ಸಂಜೆ ಯಪ್ಪನ ಜೊತೆ ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.