ಕರ್ನಾಟಕದಲ್ಲಿ ಹಠಾತ್ ಹೃದಯಮರಣ

ಹಠಾತ್ ಹೃದಯಮರಣವೆಂದರೆ ಹೃದಯಸಂಬಂಧಿ ಕಾರಣದಿಂದ, ರೋಗಲಕ್ಷಣ ಕಾಣಿಸಿಕೊಂಡ ಒಂದು ಗಂಟೆಯೊಳಗೆ ಸಂಭವಿಸುವ ಅನಿರೀಕ್ಷಿತ ಸಾವು. ಸಾವನ್ನು ಪ್ರತ್ಯಕ್ಷ ಕಂಡವರಿಲ್ಲದಿದ್ದಲ್ಲಿ, ಅದಕ್ಕೆ ಹಿಂದಿನ 24 ಗಂಟೆಗಳಲ್ಲಿ ವ್ಯಕ್ತಿಯನ್ನು ಸ್ವಸ್ಥನಾಗಿ ಯಾರಾದರೂ ಕಂಡಿರಬೇಕೆಂಬುದು ನಿಯಮ. ಆಡುಮಾತಿನಲ್ಲಿ ಇದನ್ನು ಹೃದಯಾಘಾತವೆಂದೇ ಕರೆಯುವುದುಂಟು. ಆದರೆ ಎರಡೂ ಒಂದಲ್ಲ. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿಕೊಂಡು ಹೃದಯದ ಸ್ನಾಯುವಿಗೆ ರಕ್ತ ತಲುಪುವುದಿಲ್ಲ. ಹೃದಯಸ್ತಂಭನದಲ್ಲಿ ಬಡಿತದ ವಿದ್ಯುತ್ ಲಯ ಕೆಟ್ಟು ರಕ್ತಪರಿಚಲನೆಯೇ ನಿಲ್ಲುತ್ತದೆ. ವಯಸ್ಕರಲ್ಲಿ ಮೊದಲನೆಯದು ಎರಡನೆಯದಕ್ಕೆ ಪ್ರಮುಖ ಕಾರಣ. ಎಳೆಯರಲ್ಲಿ ಹೃದಯಸ್ನಾಯುವಿನ ಆನುವಂಶಿಕ ದೋಷಗಳಿಗೂ ಪಾತ್ರವಿದೆ.

ಜಾಗತಿಕ ವ್ಯಾಪ್ತಿ

ಜಗತ್ತಿನ ಒಟ್ಟು ಸಾವುಗಳಲ್ಲಿ ಶೇ. 15ರಿಂದ 20ರಷ್ಟು ಈ ಬಗೆಯವು ಎಂಬುದು ಸಾಮಾನ್ಯ ಅಂದಾಜು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಕ್ಕೆ 50ರಿಂದ 100 ಜನ ಹೀಗೆ ಸಾಯುತ್ತಾರೆ. ಚೀನಾದ ಒಂದು ಅಧ್ಯಯನದಲ್ಲಿ ಈ ಪ್ರಮಾಣ ಸುಮಾರು 41. ಭಾರತದಲ್ಲಿ ಇಂಥ ಲೆಕ್ಕ ಸುಲಭವಲ್ಲ. 2020ರಲ್ಲಿ ದೇಶದ ನೋಂದಾಯಿತ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಕಾಲುಭಾಗಕ್ಕಿಂತ ಕಡಿಮೆ. ಆದ್ದರಿಂದಲೇ ಆಂಧ್ರಪ್ರದೇಶದ ಗ್ರಾಮಗಳಲ್ಲಿ ಸಂಶೋಧಕರು ಮೃತರ ಮನೆಯವರನ್ನು ವಿಚಾರಿಸಿ ಕಾರಣ ನಿರ್ಣಯಿಸುವ ವಿಧಾನವನ್ನು ಅನುಸರಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಒಟ್ಟು ಸಾವುಗಳಲ್ಲಿ ಶೇ. 10.3ರಷ್ಟು ಹಠಾತ್ ಹೃದಯಮರಣಗಳು; ಮೃತರ ಸರಾಸರಿ ವಯಸ್ಸು ಸುಮಾರು 60, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಕಡಿಮೆ.

ಹಾಸನದ ಪ್ರಕರಣ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದ ಮೇಲೆ ಈ ವಿಷಯ ಕನ್ನಡಿಗರ ಮನೆಮನೆಯ ಮಾತಾಯಿತು. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಸರಣಿ ಸಾವುಗಳು ವರದಿಯಾದಾಗ ಆ ಆತಂಕ ಭೀತಿಯಾಗಿ ಮಾರ್ಪಟ್ಟು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯೂ ಕಾರಣವಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಶಯ ವ್ಯಕ್ತಪಡಿಸಿದರು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತಳ್ಳಿಹಾಕಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯೋಮಾನದ 729 ಹಠಾತ್ ಸಾವುಗಳನ್ನು ಮೊದಲೇ ಪರಿಶೀಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುನ್ನಿನ 48 ಗಂಟೆಗಳಲ್ಲಿ ಅತಿಯಾದ ಮದ್ಯಪಾನ ಅಥವಾ ಅತಿಶ್ರಮ ಇವು ಅಪಾಯವನ್ನು ಹೆಚ್ಚಿಸಿದ್ದವು.

ಹಾಸನದ 24 ಸಾವುಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದಾಗ 4 ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. 10 ಸಾವುಗಳು ಹೃದ್ರೋಗದಿಂದಲೇ ಆದವೆಂದು ಖಚಿತವಾಯಿತು. ಉಳಿದ 10ನ್ನು "ಸಂಭವನೀಯ" ಎಂದಷ್ಟೇ ದಾಖಲಿಸಬೇಕಾಯಿತು. ಹಿಂದಿನ ತಿಂಗಳುಗಳಿಗಿಂತ ಅಸಹಜ ಏರಿಕೆ ಇಲ್ಲವೆಂಬುದು ವರದಿಯ ಸಾರ. ಪತ್ರಿಕೆಗಳು ಗಮನ ಸೆಳೆದದ್ದು 24 ಎಂಬ ಸಂಖ್ಯೆಯತ್ತ. ನಿಜವಾಗಿ ಗಮನಾರ್ಹವಾದುದು "ಸಂಭವನೀಯ" ಎಂಬ ಆ 10. ಇಷ್ಟೊಂದು ಚರ್ಚೆಯಾದ ಸಾವುಗಳಲ್ಲಿಯೂ ಸುಮಾರು ಅರ್ಧದಷ್ಟಕ್ಕೆ ಖಚಿತ ಕಾರಣ ದೊರೆಯಲಿಲ್ಲ.

ಖಾನಾಪುರ ಮತ್ತು ದೂರದ ಸಮಸ್ಯೆ

ಬೆಳಗಾವಿಯ ಕೋಟೆ ಪ್ರದೇಶದಲ್ಲಿ ಎದೆನೋವು ಬಂದವನಿಗೆ ಜಿಲ್ಲಾ ಆಸ್ಪತ್ರೆಯೂ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ನಗರದೊಳಗೇ ಇವೆ. ನೆರೆಯ ಖಾನಾಪುರ ತಾಲ್ಲೂಕಿನ ಸ್ಥಿತಿ ಬೇರೆ. ಭೀಮಗಡ ವನ್ಯಧಾಮದ ಒಳಗಿನ ಆಮಗಾಂವ, ಗವಾಳಿ ಮುಂತಾದ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು, ಹಳ್ಳ ದಾಟಿ, ವಾಹನ ಸಿಗುವ ರಸ್ತೆಗೆ ತರಬೇಕಾಗುತ್ತದೆ. ಹೃದಯ ಸ್ತಂಭಿಸಿದ ಮೇಲೆ ಎದೆಯೊತ್ತುವಿಕೆಯೂ ವಿದ್ಯುತ್ ಆಘಾತವೂ ದೊರೆಯದ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಈ ಲೆಕ್ಕದಲ್ಲಿ ಕಾಡಿನ ಹಳ್ಳಿಗೆ ಆಂಬುಲೆನ್ಸ್ ಉತ್ತರವಾಗಲಾರದು. ಉತ್ತರವೇನಿದ್ದರೂ ಪಕ್ಕದಲ್ಲಿರುವವರ ಕೈಯಲ್ಲಿದೆ. ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಲಿಯಬಲ್ಲನು.

ಹೃದಯಾಘಾತವಾಗಿ ಹೃದಯ ಇನ್ನೂ ಬಡಿಯುತ್ತಿರುವವರಿಗೆ ತಾಲ್ಲೂಕು ಆಸ್ಪತ್ರೆ ಉಪಯುಕ್ತ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ನೀಡುತ್ತಾರೆ. ಹಲವು ಸಾವಿರ ರೂಪಾಯಿ ಬೆಲೆಯ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಗಡಿಯಾಚೆಯ ಗೋವಾದಲ್ಲಿ ಇಂಥದೇ ಕಾರ್ಯಕ್ರಮ 2018ರಲ್ಲಿ ಆರಂಭವಾಗಿತ್ತು.

ದಾಖಲೆ

ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸುವುದನ್ನೂ ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯಗೊಳಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಜುಲೈ 2025ರಲ್ಲಿ ಪ್ರಕಟಿಸಿದರು. ನಿರ್ಧಾರ ಸರಿಯಾದುದೇ. ಆದರೆ ಜೀವವಿದ್ದಾಗ ವಾಹನ ತಲುಪದ ಊರಿನಿಂದ ಶವವನ್ನು ಪರೀಕ್ಷೆಗಾಗಿ ಹೊತ್ತು ತರಲು ಯಾವ ಕುಟುಂಬವೂ ಸುಲಭವಾಗಿ ಒಪ್ಪುವುದಿಲ್ಲ. ಅಂಥಲ್ಲಿ ಆಂಧ್ರಪ್ರದೇಶದ ಗ್ರಾಮಗಳಲ್ಲಿ ಮಾಡಿದಂತೆ, ಆಶಾ ಕಾರ್ಯಕರ್ತೆಯರು ಮನೆಯವರನ್ನು ಕೇಳಿ ಸಾವಿನ ವಿವರ ಬರೆದುಕೊಳ್ಳುವುದು ಹೆಚ್ಚು ಕಾರ್ಯಸಾಧ್ಯ.